ಏತ್ವ, ಓತ್ವಕ್ಕೆ ನಿಮ್ಮ ಕಡೆ ಬೇರೆ ಹೆಸರಿದೆಯಾ?

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗ ಮೂರನೇ ಕ್ಲಾಸು. ಅವನಿಗೆ ಡಿಸ್ಲೆಕ್ಸಿಯಾ ಇದೆ. ಮಾತಿನಲ್ಲಿ ಚುರುಕು, ಪುಸ್ತಕ ಹಿಡಿದರೆ ತಡವರಿಸುತ್ತಾನೆ. ಇದು ಕಣ್ಣಿನ ದೋಷವಲ್ಲ. ಕಿವಿಗೆ ಬೀಳುವ ದನಿಗೂ ಕಣ್ಣಿಗೆ ಕಾಣುವ ಅಕ್ಷರಕ್ಕೂ ನಂಟು ಬೇಗ ಕೂರುವುದಿಲ್ಲ, ಅಷ್ಟೇ. ಅವನಿಗಾಗಿ ಬಣ್ಣದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಮಾಡುತ್ತಿದ್ದೇನೆ. ಅಕ್ಷರ ಕಪ್ಪು, ಗುಣಿತದ ಗುರುತು ಕೆಂಪು, ಒತ್ತು ನೀಲಿ. ತೋರಿಸುವಾಗಲೆಲ್ಲ ಬಾಯಿ ಬಿಟ್ಟು ಹೇಳಿಸುತ್ತೇನೆ. ಸುಮ್ನೆ ನೋಡುತ್ತಾ ಕೂತರೆ ಉಪಯೋಗವಿಲ್ಲ.

ಬಣ್ಣ ಜಾಸ್ತಿ ಕೆಲಸಕ್ಕೆ ಬಂದದ್ದು ‘ಮ’ ಅಕ್ಷರದಲ್ಲಿ. ‘ಕು’ ಬರೆದಾಗ ಕೊಂಬು ಬಲಗಡೆ ಬರುತ್ತದೆ. ಅದೇ ಲೆಕ್ಕದಲ್ಲಿ ಇವನು ‘ಮ’ ಅಂದರೆ ಕೊಂಬು ಬಂದ ‘ವ’ ಅಂದುಕೊಂಡಿದ್ದ. ‘ಮರ’ ಹೋಗಿ ‘ವುರ’. ನೋಡಿದರೆ ಹಾಗೇ ಕಾಣುತ್ತದೆ, ಅಲ್ವಾ? ‘ವು’ ಬರೆಯುವಾಗ ಕೊಂಬನ್ನು ಕೆಳಗಿನಿಂದ ಎಳೆಯುವುದು ಈ ಗೊಂದಲ ತಪ್ಪಿಸಲಿಕ್ಕೇ ಇರಬೇಕು. ‘ಮ’ದ ಬಾಲ ಪೂರ್ತಿ ಕಪ್ಪಾಗಿರುವುದನ್ನು ಕಂಡ ಮೇಲೆ ಹುಡುಗ ಎಡವುವುದು ಕಡಿಮೆಯಾಯಿತು.

ಈಗ ನನ್ನ ಪ್ರಶ್ನೆ. ‘ಕ ಗುಡಿಸು ಕಿ, ಕ ಕೊಂಬು ಕು’ ಅಂತ ಹಳೇ ಕ್ರಮದಲ್ಲೇ ಹೇಳಿಕೊಡುತ್ತಿದ್ದೇನೆ. ಕೊಂಬಿಗೆ ಹಸುವಿನ ಕೊಂಬು ಬರೆದೆ. ವಟ್ರಸುಳಿಗೆ ನೀರಿನ ಸುಳಿ. ಆದರೆ ಏತ್ವ, ಓತ್ವಕ್ಕೆ ಏನು ಚಿತ್ರ ಬರೆಯಲಿ? ಆ ಹೆಸರಲ್ಲಿ ಕಣ್ಣಿಗೆ ಕಟ್ಟುವಂಥದ್ದು ಏನೂ ಇಲ್ಲ. ಮೇಲಾಗಿ ‘ಕೆ’ಗೆ ಏತ್ವ, ‘ಕೇ’ಗೆ ಏತ್ವದ ದೀರ್ಘ ಅನ್ನುತ್ತೇವೆ. ಹೆಸರಲ್ಲೇ ‘ಏ’ ಕೇಳಿಸಿಕೊಂಡ ಹುಡುಗ ‘ಕೆರೆ’ಯನ್ನು ‘ಕೇರೇ’ ಎಂದು ಓದುತ್ತಾನೆ. ಕೆಲವರು ‘ಎತ್ವ’ ಅನ್ನುವುದುಂಟು. ಅದು ವಾಸಿ, ಆದರೂ ಚಿತ್ರಕ್ಕೆ ಒದಗುವುದಿಲ್ಲ. ನಿಮ್ಮ ಊರಿನ ಹಳೇ ಮೇಷ್ಟ್ರುಗಳು, ಅಜ್ಜಿಯರು ಈ ಗುರುತುಗಳಿಗೆ ಬೇರೆ ಏನಾದರೂ ಹೆಸರು ಹೇಳುತ್ತಿದ್ದರಾ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಿ.

ಅರ್ಕಾವತ್ತಿನ ಗೋಳು ಬೇರೆ. ‘ಸೂರ್ಯ’ದಲ್ಲಿ ‘ರ್’ ಮೊದಲು ಕೇಳುತ್ತದೆ, ಬರೆಯುವುದು ‘ಯ’ ಆದ ಮೇಲೆ. ಇವನು ಕಂಡ ಕ್ರಮದಲ್ಲೇ ‘ಸೂಯರ’ ಅನ್ನುತ್ತಾನೆ. ಸದ್ಯಕ್ಕೆ ಅರ್ಕಾವತ್ತಿನಿಂದ ಹಿಂದಕ್ಕೆ ಒಂದು ಹಸಿರು ಬಾಣ ಎಳೆದಿದ್ದೇನೆ. ಕೆಲವರು ಅರ್ಕಾವತ್ತು ಬಿಟ್ಟು ‘ರ’ ಕೆಳಗೇ ‘ಯ’ ಒತ್ತು ಕೊಟ್ಟು ಬರೆಯುತ್ತಾರೆ. ಮೊದಲು ಹಾಗೆ ಕಲಿಸಿ ಆಮೇಲೆ ಪಠ್ಯಪುಸ್ತಕದ ರೂಪಕ್ಕೆ ಬಂದರೆ ಸುಲಭವೋ, ಎರಡೆರಡು ಕಲಿಸಿದಂತಾಗುತ್ತದೋ? ಚಿಕ್ಕ ಮಕ್ಕಳಿಗೆ ಪಾಠ ಮಾಡುವವರು ಹೇಳಬೇಕು.