ಮೂರೂಕಾಲು ಎಕರೆಗೆ ಹಳೇ ಮಿನಿ ಟ್ರ್ಯಾಕ್ಟರೋ, ಟಿಲ್ಲರೋ, ಬಾಡಿಗೆಯೋ? ಅನುಭವ ಇದ್ದವರು ಹೇಳಿ

ಚನ್ನಗಿರಿ ಅಡಿಕೆ
2 ಎಕರೆ ಅಡಿಕೆ, 9×9 ಅಡಿ, ನಾಲ್ಕು ವರ್ಷದ ಗಿಡ, ಡ್ರಿಪ್ ಇದೆ. 1 ಎಕರೆ 10 ಗುಂಟೆ ಮೆಕ್ಕೆಜೋಳ. ಕೆಂಪು ಮಣ್ಣು. 24 ಎಚ್‌ಪಿ ಹಳೇ ಮಿನಿ ಟ್ರ್ಯಾಕ್ಟರ್, 4 ಅಡಿ ರೋಟವೇಟರ್ (ತಿರುಗೋ ಬ್ಲೇಡಿಂದ ಮಣ್ಣು ಪುಡಿ ಮಾಡೋ ಸಾಧನ) ಸಮೇತ 3.40 ಲಕ್ಷಕ್ಕೆ ಬಂದಿದೆ. ತಗೊಳ್ಳಬಹುದಾ?

ಎರಿ ಹೊಲ, ಗದಗ
ಟ್ರ್ಯಾಕ್ಟರ್ ಆಮ್ಯಾಲ ನೋಡೂಣು, ಮೊದಲ ಆ ರೋಟವೇಟರ್ ಹುಚ್ಚು ಬಿಡ್ರಿ. ವರ್ಷಾ ಮೂರ್ ಸಲ ಹೊಡದ್ರ ಮ್ಯಾಲಿನ ನಾಕ್ ಇಂಚು ಹಿಟ್ಟು, ಕೆಳಗ ಕಲ್ಲು. ನೀರೂ ಇಳ್ಯಂಗಿಲ್ಲ, ಬೇರೂ ಇಳ್ಯಂಗಿಲ್ಲ. ಆ ಗಟ್ಟಿ ಪದರ ಒಡಸಾಕ ಸಬ್‌ಸಾಯ್ಲರ್ (ಆಳಕ್ಕ ಇಳಿಯೋ ಹಲ್ಲಿನ ಸಾಧನ) ಹಾಕಿಸಿದ್ದು ತಾಸಿಗೆ 1,500ರಂಗ 9 ತಾಸು, ಒಟ್ಟು 13,500. ಅದನ್ನೂ ಬ್ಯಾಸಗಿಯೊಳಗ ನೆಲ ಒಣಗಿದ್ದಾಗ ಹೊಡೀಬೇಕು. ಹಸಿ ಇದ್ದಾಗ ಹೊಡದ್ರ ಪದರ ಬಿರಿಯಂಗಿಲ್ಲ, ಹಲ್ಲು ಹೋದಷ್ಟ ಸೀಳತೈತಿ, ಡೀಸೆಲ್ ದಂಡ. ಇನ್ನ ಕರಿಕಿ ಇದ್ದ ಹೊಲಕ್ಕ ರೋಟವೇಟರ್ ಬಿಟ್ರ ಒಂದ್ ಬಳ್ಳಿ ಹತ್ತ ತುಂಡಾಗಿ ಹತ್ತೂ ಚಿಗಿತಾವ. ಬ್ಯಾಸಗಿಗೊಮ್ಮೆ ಪಲ್ಟಿ ನೇಗಿಲ ಹೊಡಸಿ, ಹದ ಬಂದಾಗ ಕುಂಟಿ ಹೊಡೀರಿ. ಸಾಕು.

ಟಿಲ್ಲರ್ ತೀರ್ಥಹಳ್ಳಿ
ಅವರು ಕೇಳಿದ್ದು ಕೆಂಪು ಮಣ್ಣಿನ ಅಡಿಕೆ ತೋಟ, ನೀವು ಎರೆಭೂಮಿ ಪುರಾಣ ತೆಗೆದ್ರಲ್ಲ ಮಾರಾಯ್ರೆ!

ತೋಟಕ್ಕೆ ಟಿಲ್ಲರ್. 13 ಎಚ್‌ಪಿ, ಎರಡು ಅಡಿ ಅಗಲ, ಎಲ್ಲಿ ಬೇಕಾದ್ರೂ ತಿರುಗುತ್ತೆ. ವಿ-ಬೆಲ್ಟ್ ಒಂದು ಹರಿದ್ರೆ ಪೂರ್ತಿ ಸೆಟ್ ಬದಲಾಯಿಸಿ. ಒಂದೇ ಹೊಸದು ಹಾಕಿದ್ರೆ ಹಳೇವು ಹಿಗ್ಗಿರ್ತಾವೆ, ಭಾರವೆಲ್ಲ ಹೊಸದರ ಮೇಲೆ ಬಿದ್ದು ತಿಂಗಳಲ್ಲಿ ಅದೂ ಹೋಗುತ್ತೆ. ಇದೇ ಜಿಪುಣತನಕ್ಕೆ ಒಂದೇ ಮಳೆಗಾಲದಲ್ಲಿ ಮೂರು ಸಲ ದಂಡ ಕಟ್ಟಿದ್ದಾಗಿದೆ. ಗದ್ದೆಗೆ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿದ ಮೇಲೆ ಹಾಗೇ ಡಾಂಬರು ರಸ್ತೆಗೆ ಇಳಿಸ್ಬೇಡಿ. ಇಳಿಜಾರಲ್ಲಿ ಇನ್ನೊಂದು ಅಪಾಯ: ಎಡಗಡೆ ಸ್ಟಿಯರಿಂಗ್ ಕ್ಲಚ್ (ಆ ಕಡೆ ಚಕ್ರಕ್ಕೆ ಎಂಜಿನ್ ಸಂಪರ್ಕ ಬಿಡಿಸೋ ಹಿಡಿ) ಹಿಡಿದ್ರೆ ಗಾಡಿ ಎಡಕ್ಕಲ್ಲ, ಬಲಕ್ಕೆ ಹೋಗುತ್ತೆ. ಹಿಡಿದ ಕಡೆಯ ಚಕ್ರ ಎಂಜಿನ್ ತಡೆ ಇಲ್ಲದೆ ಉರುಳುತ್ತೆ, ಅದಕ್ಕೆ. ಇಳಿಜಾರಲ್ಲಿ ಕ್ಲಚ್ ಮುಟ್ಟದೆ ಲೋ ಗೇರಲ್ಲಿ ಹ್ಯಾಂಡಲ್ ಒತ್ತಿ ತಿರುಗಿಸಿ.

ನಾಗಮಂಗಲ ಲೆಕ್ಕ
ಎರಡಡಿ ಅಗಲ ಅಂತ ಹೆಮ್ಮೆ ಪಡ್ತಾ ಇದೀರಲ್ಲ, ಎಕರೆಗೆ ಆರೂವರೆ ಕಿಲೋಮೀಟರ್ ಮೇಲೆ ನಡೀಬೇಕು ಅದರ ಹಿಂದೆ. ತಿರುವೆಲ್ಲ ಸೇರಿ ನಾಲ್ಕೂವರೆ ಗಂಟೆ. ಕೈ ನಡುಕ ಬೇರೆ.

ಲೆಕ್ಕ ನೋಡಿ. ಮೂರೂಕಾಲು ಎಕರೆಗೆ ವರ್ಷಕ್ಕೆ ಹೆಚ್ಚೆಂದರೆ 30 ಗಂಟೆ ಕೆಲಸ. 3.40 ಲಕ್ಷಕ್ಕೆ ನೂರಕ್ಕೆ 10ರಂತೆ ಬಡ್ಡಿಯೇ 34,000. ಗಂಟೆಗೆ 1,130 ಆಯ್ತು, ಇನ್ನೂ ಒಂದು ಹನಿ ಡೀಸೆಲ್ ಹಾಕಿಲ್ಲ. ಇನ್ಶೂರೆನ್ಸು, ಬ್ಯಾಟರಿ, ಆಯಿಲ್ಲು, ಫಿಲ್ಟರು ಅಂತ 12,000 ಸೇರಿಸಿ. ನಮ್ಮ ಕಡೆ ಡೀಸೆಲ್, ಡ್ರೈವರ್ ಎಲ್ಲಾ ಸೇರಿ ಬಾಡಿಗೆ ಗಂಟೆಗೆ 1,200. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲೂ ಒಮ್ಮೆ ದರ ಕೇಳಿ. ಟ್ರ್ಯಾಕ್ಟರ್ ಮನೆ ಮುಂದೆ ನಿಲ್ಲಿಸೋದು ಶೋಕಿ ಕಣಪ್ಪ.

ಟಿಲ್ಲರ್ ತೀರ್ಥಹಳ್ಳಿ
ನಿಮ್ಮ ಬಾಡಿಗೆ ಗಾಡಿ ಹದ ಇದ್ದ ದಿನ ಬರುತ್ತಾ? ಮಳೆ ಬಿದ್ದು ಮೂರನೇ ದಿನಕ್ಕೆ ಬೇಕು, ಬರೋದು ಎಂಟನೇ ದಿನಕ್ಕೆ. ಆ ನಷ್ಟ ನಿಮ್ಮ ಲೆಕ್ಕದಲ್ಲಿ ಯಾವ ಸಾಲಲ್ಲಿದೆ?

ನಾಗಮಂಗಲ ಲೆಕ್ಕ
ನೀವು ಭತ್ತ ಬಿಟ್ಟು ಎಷ್ಟು ವರ್ಷ ಆಯ್ತು, ಹದದ ಮಾತು ಆಡೋಕೆ?

ಗ್ಯಾರೇಜ್, ಅರಸೀಕೆರೆ
ಜಗಳ ಆಮೇಲೆ ಆಡ್ಕೊಳ್ಳಿ. ಹಳೇ ಗಾಡಿ ನೋಡೋಕೆ ಹೋಗೋರು ಬೆಳಗ್ಗೆ ಹೇಳದೆ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗೋಸ್ಕರ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರೀತಿದೆ. ಬ್ರೀದರ್ ಪೈಪಲ್ಲಿ ರಭಸವಾಗಿ ಹೊಗೆ ತಳ್ತಾ ಇದ್ದರೆ ರಿಂಗು, ಲೈನರ್ ಕೆಲಸ. ಹೈಡ್ರಾಲಿಕ್ ಲಿಫ್ಟ್ ನೋಡೋಕೆ ರೋಟವೇಟರ್ ಮೇಲೆತ್ತಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಒಂದೆರಡು ಇಂಚು ಇಳಿದರೆ ಪರವಾಗಿಲ್ಲ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಫಾರ್ಮ್ 35 (ಸಾಲ ತೀರಿತು ಅಂತ ಸಾಲ ಕೊಟ್ಟವರು ಸಹಿ ಹಾಕೋದು) ಇಲ್ಲದೆ ದುಡ್ಡು ಕೊಡಬೇಡಿ. ಮಾಲೀಕತ್ವ ಬದಲಾವಣೆಯ ಫಾರ್ಮ್ 29, 30ಕ್ಕೆ ಅಂದೇ ಸಹಿ ಹಾಕಿಸಿ.

ರೋಟವೇಟರ್ ಹಾಳಾಗೋದು ಮಣ್ಣಿಂದಲ್ಲ, ಹುಲ್ಲಿಂದ. ರೋಟರ್ ತುದಿಗೆ ಹುಲ್ಲು, ಡ್ರಿಪ್ ಪೈಪು, ಗೊಬ್ಬರದ ಚೀಲದ ದಾರ ಸುತ್ತಿಕೊಂಡು ಆಯಿಲ್ ಸೀಲ್ ಕೊರೆಯುತ್ತೆ. ಆಯಿಲ್ ಹೊರಗೆ, ಕೆಸರು ಒಳಗೆ, ಬೇರಿಂಗ್ ಮುಗೀತು. 200 ರೂಪಾಯಿ ಸೀಲ್ ಬಿಟ್ಟವರು 9,000 ಬಿಲ್ ಕಟ್ಟಿ ಹೋಗ್ತಾರೆ. ದಿನಾ ಕೆಲಸ ಮುಗಿದ ಮೇಲೆ ಎಂಜಿನ್ ಆಫ್ ಮಾಡಿ, ಕೆಳಗೆ ದಿಮ್ಮಿ ಕೊಟ್ಟು, ಕುಡುಗೋಲಲ್ಲಿ ಕೊಯ್ದು ತೆಗೀರಿ. ಹೊಸ ಬ್ಲೇಡ್ ಹಾಕಿದರೆ ಎರಡು ಗಂಟೆ ಓಡಿಸಿ ಬೋಲ್ಟ್ ಮತ್ತೆ ಬಿಗಿ ಮಾಡಿ. ಪಿಟಿಒ (ಎಂಜಿನ್ ಶಕ್ತಿ ರೋಟವೇಟರಿಗೆ ಕೊಡೋ ಶಾಫ್ಟ್) ತಿರುಗುವಾಗಲೇ ಪೂರ್ತಿ ಎತ್ತಬೇಡಿ, ಶಾಫ್ಟ್ ಕೋನ ಜಾಸ್ತಿಯಾಗಿ ಕ್ರಾಸ್ (ಶಾಫ್ಟಿನ ಕೀಲು) ಒಡೆಯುತ್ತೆ. ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತೆ ಅಂತ ಹೈಟೆನ್ಸಿಲ್ (ಗಟ್ಟಿ ಉಕ್ಕಿನ) ಬೋಲ್ಟ್ ಹಾಕೋ ಬುದ್ಧಿವಂತರಿಗೆ ಕೈಮುಗೀತೀನಿ. ಆ ಬೋಲ್ಟ್ ಮುರಿಯೋಕೇ ಇರೋದು. ಅದು ಮುರೀಲಿಲ್ಲ ಅಂದ್ರೆ ಗೇರ್‌ಬಾಕ್ಸ್ ಮುರಿಯುತ್ತೆ.

ಎರಿ ಹೊಲ, ಗದಗ
ಹೈಟೆನ್ಸಿಲ್ ಹಾಕಿ ನಾಕ್ ವರ್ಷ ಆತು, ಏನೂ ಆಗಿಲ್ಲ. ಗ್ಯಾರೇಜಿನವ್ರು ಹೆದರಿಸೇ ಬದಕ್ತೀರಿ. ಏರ್ ಕ್ಲೀನರಿಗೂ ಹೊಸ ಆಯಿಲ್ ಹಾಕ್ರಿ ಅಂತೀರಿ, ಎಂಜಿನ್‌ದಾಗಿಂದ ತಗದ ಆಯಿಲ್ ಸೋಸಿ ಹಾಕಿದ್ರ ನಡೀತೈತಿ.

ಗ್ಯಾರೇಜ್, ಅರಸೀಕೆರೆ
ರೋಟವೇಟರೇ ಬೇಡ ಅಂದೋರಿಗೆ ಶಿಯರ್ ಬೋಲ್ಟ್ ಎಲ್ಲಿಂದ ಬಂತು ಸ್ವಾಮಿ? ಕರೀ ಆಯಿಲಲ್ಲಿ ಮಸಿ, ಲೋಹದ ಪುಡಿ ಮೊದಲೇ ಇರುತ್ತೆ, ದಪ್ಪ ಕೂಡ ಸರಿ ಇರಲ್ಲ. ಧೂಳು ಹಿಡಿಯೋಕೆ ಅಂತ ಇಟ್ಟ ಬಟ್ಟಲಿಗೆ ಕೊಳೆ ತುಂಬಿಸಿದ ಹಾಗೆ. ಗುರುತಿನ ಗೆರೆವರೆಗೆ ಹೊಸ ಎಂಜಿನ್ ಆಯಿಲ್. ಗೆರೆ ದಾಟಿದರೆ ಎಂಜಿನ್ ಅದನ್ನೇ ಎಳ್ಕೊಳ್ಳುತ್ತೆ. ಬೇಸಿಗೆ ಧೂಳಲ್ಲಿ ದಿನಾ ಬಟ್ಟಲು ಬಿಚ್ಚಿ ನೋಡಿ, ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಬದಲಾಯಿಸಿ.

ಚನ್ನಗಿರಿ ಅಡಿಕೆ
ಎಲ್ಲರಿಗೂ ಧನ್ಯವಾದ. ಅಡಿಕೆ ಸಾಲಲ್ಲಿ ಮಿನಿ ತಿರುಗುತ್ತಾ ಅಂತ ಯಾರೂ ಹೇಳಲೇ ಇಲ್ಲ.

ಗ್ಯಾರೇಜ್, ಅರಸೀಕೆರೆ
ಒಂಬತ್ತು ಅಡಿ ಸಾಲಲ್ಲಿ ನಾಲ್ಕು ಅಡಿ ಗಾಡಿ ಸಲೀಸಾಗಿ ಹೋಗುತ್ತೆ. ಕಷ್ಟ ಇರೋದು ಸಾಲಿನ ಕೊನೆಯಲ್ಲಿ. ಕೊನೇ ಗಿಡದಿಂದ ಬದುವಿಗೆ 12 ಅಡಿ ಇಲ್ಲ ಅಂದ್ರೆ ಪ್ರತಿ ಸಾಲಿಗೂ ರಿವರ್ಸ್. ರಿವರ್ಸ್ ಹಾಕೋ ಮುಂಚೆ ಪಿಟಿಒ ಆಫ್, ರೋಟವೇಟರ್ ಮೇಲೆ. ಡ್ರಿಪ್ಪಿನ ಲ್ಯಾಟರಲ್ ಪೈಪನ್ನ ಹಿಂದಿನ ದಿನವೇ ಬುಡಕ್ಕೆ ಎಳೆದು ಕಟ್ಟಿ. ಅಡಿಕೆ ಬೇರು ಮೇಲೇ ಇರುತ್ತೆ, ಬುಡದಿಂದ ಎರಡೂವರೆ ಅಡಿ ಬಿಟ್ಟು ಮಧ್ಯದ ಪಟ್ಟೆ ಮಾತ್ರ ಹೊಡೀರಿ, ಮೂರು ಇಂಚಿಗಿಂತ ಆಳ ಬೇಡ.

ನಾಗಮಂಗಲ ಲೆಕ್ಕ
ಮೂರು ಇಂಚು ಕೆರೆಯೋಕೆ 3.40 ಲಕ್ಷ! ಹುಲ್ಲು ಕೊಯ್ಯೋ ಬ್ರಷ್ ಕಟರ್ ತಗೊಂಡು ತೋಟ ಉಳೋದನ್ನೇ ಬಿಡಿ. ಮೆಕ್ಕೆಜೋಳಕ್ಕೆ ಬಾಡಿಗೆ.

ಚನ್ನಗಿರಿ ಅಡಿಕೆ
ಅಳತೆ ಹಿಡಿದೆ. ಒಂದು ಕಡೆ 14 ಅಡಿ ಇದೆ, ಕಾಲುವೆ ಕಡೆ 7 ಅಡಿ ಮಾತ್ರ. ಗಾಡಿಯನ್ನೂ ನೋಡಿ ಬಂದೆ. ಎಂಜಿನ್ ಆಫ್ ಮಾಡಿ ಮೂರು ನಿಮಿಷಕ್ಕೆ ರೋಟವೇಟರ್ ನೆಲ ಮುಟ್ಟಿತು. ಎಲ್ಲ ಮಿನಿಗಳೂ ಹಿಂಗೇ ಅಂದ್ರು ಮಾಲೀಕರು.

ಗ್ಯಾರೇಜ್, ಅರಸೀಕೆರೆ
ಹಿಂಗೇ ಅಲ್ಲ. ಲಿಫ್ಟಿನ ಸಿಲಿಂಡರ್ ಪಿಸ್ಟನ್ನಿನ ಸೀಲ್ ಹೋಗಿರಬೇಕು, ಇಲ್ಲವೇ ಕಂಟ್ರೋಲ್ ವಾಲ್ವ್ ಸವೆದಿರಬೇಕು. ಸೀಲ್ ಆದರೆ ಚಿಲ್ಲರೆ ಖರ್ಚು, ವಾಲ್ವ್ ಆದರೆ ದೊಡ್ಡದು. ಬಿಚ್ಚದೆ ಯಾವುದು ಅಂತ ಗೊತ್ತಾಗಲ್ಲ. ದೊಡ್ಡದೇ ಅಂದ್ಕೊಂಡು ರೇಟಲ್ಲಿ ಕಡಿಮೆ ಮಾಡಿಸಿ, ಇಲ್ಲಾ ಎದ್ದು ಬನ್ನಿ.

ಟಿಲ್ಲರ್ ತೀರ್ಥಹಳ್ಳಿ
ಟಿಲ್ಲರಿಗೆ ಲಿಫ್ಟೇ ಇಲ್ಲ ಮಾರಾಯ್ರೆ, ಇಳಿಯೋದೆಲ್ಲಿಂದ ಬಂತು?