ಖಾಲಿ ಮನಿ ಫೋಟೋಕ್ಕ ಲೈಟ್ ಎಷ್ಟು ವಾರ್ಮ್ ಇಡ್ಬೇಕ್ರಿ?

ಪ್ರಶ್ನೆ: ಕೊಪ್ಪಳದಾಗ ನಮ್ಮಪ್ಪ ಕಟ್ಟಿಸಿದ್ ಮನಿ ಮಾರಾಕ ಇಟ್ಟೀವ್ರಿ, ಖಾಲಿ ಹಾಲ್ ಫೋಟೋದಾಗ ಭಣಭಣ ಕಾಣ್ತೈತಿ ಅಂತ ವರ್ಚುವಲ್ ಸ್ಟೇಜಿಂಗ್ (ಖಾಲಿ ಫೋಟೋದಾಗ ಕಂಪ್ಯೂಟರ್‌ನಿಂದ ಸಾಮಾನು ಇಡೋದು) ಮಾಡ್ಸಿದ್ರ ಎಲ್ಲಾ ಅರಿಶಿಣ ಬಳದಂಗ ಬಂದೈತಿ, ಏನ್ ಮಾಡ್ಲಿ?

ಉತ್ತರ: ಲ್ಯಾಂಪಿಗೆ 2700ರಿಂದ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತಿ, ಕಡಿಮಿ ಆದಷ್ಟು ಹಳದಿ) ಸಾಕ್ರಿ. ಕಿಟಕಿಯಿಂದ ಬರೋ ಹಗಲು ಬೆಳಕು 5500 ಆಸುಪಾಸು ಇರ್ತೈತಿ, ಅದನ್ನ ಹಳದಿ ಮಾಡಬ್ಯಾಡ್ರಿ, ಮಾಡಿದ್ರ ಗ್ವಾಡಿ ಬಣ್ಣನೂ ಸುಳ್ಳಾಗ್ತೈತಿ. ಸೋಫಾದ ನೆರಳೂ ಕಿಟಕಿ ಬೆಳಕಿಗೆ ಹೊಂದ್ಬೇಕು, ಇಲ್ಲಂದ್ರ ಅಂಟಿಸಿದಂಗ ಕಾಣ್ತೈತಿ.

ಇನ್ನೊಬ್ಬರು: ಫೈರ್‌ಪ್ಲೇಸ್, ಉಣ್ಣಿ ರಗ್ಗು ಬ್ಯಾಡ್ರೀ, ನಮ್ ಬಿಸಿಲಿಗೆ ಒಪ್ಪಂಗಿಲ್ಲ. ಹತ್ತಿ ಜಮಖಾನ, ಮೂಲ್ಯಾಗೊಂದು ಕಿನ್ನಾಳ ಬೊಂಬಿ ಇಡ್ಸ್ರಿ, ಮನಿ ನಮ್ದು ಅನಸ್ತೈತಿ.

ಮೊದಲು ಉತ್ತರ ಕೊಟ್ಟವರು: ಹಾಂ, ಖಾಲಿ ಫೋಟೋನೂ ಜೋಡಿ ಹಾಕ್ರಿ, ಸಾಮಾನು ಕಂಪ್ಯೂಟರ್‌ನಾಗ ಇಟ್ಟದ್ದು ಅಂತ ಬರೀರಿ. ಬಿರುಕು ಮಾತ್ರ ಮುಚ್ಚಬ್ಯಾಡ್ರಿ.