ಸಹಾಯ ಬೇಕು: ಜೈನ ಧರ್ಮದ ಮುಂದೆ ‘ದೇವರು’ ಕಾಲಂನಲ್ಲಿ ಏನು ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ನಾವು ಮಂಜೇಶ್ವರದವರು. ಕನ್ನಡ ಮಾಧ್ಯಮದಲ್ಲಿ ಓದುವ ಮಗಳು ಧರ್ಮಗಳನ್ನು ಹೋಲಿಸುವ ಚಾರ್ಟ್ ಮಾಡುತ್ತಿದ್ದಾಳೆ. ಇಸ್ಲಾಂಗೆ ಅಲ್ಲಾಹ್ ಒಬ್ಬನೇ. ಕ್ರೈಸ್ತರಿಗೆ ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು. ಇಷ್ಟನ್ನು ನೆರೆಮನೆಯವರನ್ನೇ ಕೇಳಿ ಬರೆದೆವು.

ಸಿಕ್ಕಿಹಾಕಿಕೊಂಡದ್ದು ಜೈನ ಧರ್ಮದಲ್ಲಿ. ಲೋಕವನ್ನು ಯಾರೂ ಸೃಷ್ಟಿಸಿಲ್ಲ, ಕರ್ಮ ಕಳೆದುಕೊಂಡ ಜೀವಕ್ಕೆ ಮೋಕ್ಷ ಅಂತ ಓದಿದೆವು. ಅದಕ್ಕೆ ‘ದೇವರಿಲ್ಲ’ ಅಂತ ಬರೆಸಿದೆ. ಆದರೆ ಇಲ್ಲಿಯ ಬಸದಿ ನೋಡಿದ ಮಗಳು, “ತೀರ್ಥಂಕರರಿಗೆ ಪೂಜೆ ಮಾಡ್ತಾರಲ್ಲ ಅಪ್ಪಾ, ಮತ್ತೆ ಇಲ್ಲ ಅಂದ್ರೆ ಹೇಗೆ?” ಅಂದಳು. ಅದೂ ಸರಿಯೇ ಅಲ್ವಾ? ಇನ್ನೊಬ್ಬರ ನಂಬಿಕೆಯ ಬಗ್ಗೆ ಸುಮ್ನೆ ಏನೋ ಒಂದು ಬರೆಯಲು ಮನಸ್ಸಿಲ್ಲ.

ಬಲ್ಲವರು, ಅದರಲ್ಲೂ ಜೈನ ಬಂಧುಗಳು ಹೇಳಿ: ‘ದೇವರಿಲ್ಲ’, ‘ಸೃಷ್ಟಿಕರ್ತ ಇಲ್ಲ’, ‘24 ತೀರ್ಥಂಕರರು’, ಇವುಗಳಲ್ಲಿ ಯಾವುದನ್ನು ಬರೆದರೆ ಸರಿ?